ಕಾಸರಗೋಡಿನ ಮಳೆಗಾಲ ಮತ್ತು ಡ್ರೈಸೂಟ್: ತೊಳೆಯುವುದರಿಂದ ಎತ್ತಿಡುವವರೆಗೆ

ಡ್ರೈಸೂಟ್ ಎಂದರೆ ಕೊರೆಯುವ ನೀರಿನಲ್ಲಿ ಕಯಾಕ್ ನಡೆಸುವವರು ಮೈಗೆ ನೀರು ತಾಗದ ಹಾಗೆ ತೊಡುವ ಉಡುಪು. ಅದು ನೀರಿನಲ್ಲಿ ಹಾಳಾಗುವುದಕ್ಕಿಂತ ಮನೆಯಲ್ಲಿ ಹಾಳಾಗುವುದೇ ಜಾಸ್ತಿ. ನಮ್ಮ ಕಡೆಯಂತೂ ಹಾಗೆಯೇ. ಹಿಮಾಲಯದ ಹೊಳೆಯಲ್ಲಿ ಬಂಡೆಗೆ ಉಜ್ಜಿಸಿಕೊಂಡು ಬಂದ ಸೂಟ್‌ಗೆ ಏನೂ ಆಗಿರುವುದಿಲ್ಲ. ಅದೇ ಸೂಟ್ ಮಳೆ ಸುರಿಯುವ ಆಟಿ ತಿಂಗಳಿಡೀ ಬ್ಯಾಗಿನೊಳಗೆ ಬಿದ್ದಿದ್ದರೆ ಕುತ್ತಿಗೆಯ ರಬ್ಬರ್ ಅಂಟಂಟಾಗಿರುತ್ತದೆ, ಒಳಗೆಲ್ಲ ಬೂಷ್ಟು ಹಿಡಿದಿರುತ್ತದೆ, ಹಿತ್ತಾಳೆಯ ಜಿಪ್ ಹಸಿರು ಕಟ್ಟಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಂದ್ರಗಿರಿ ಹೊಳೆಯಲ್ಲೋ, ಶಿರಿಯಾದಲ್ಲೋ, ವಲಿಯಪರಂಬದ ಹಿನ್ನೀರಿನಲ್ಲೋ ಕಯಾಕ್ ನಡೆಸಲು ಡ್ರೈಸೂಟ್ ಬೇಡವೇ ಬೇಡ. ನೀರು ಬೆಚ್ಚಗಿರುತ್ತದೆ, ಗಾಳಿ ಅದಕ್ಕಿಂತ ಬೆಚ್ಚಗೆ. ಸೂಟ್ ಹಾಕಿಕೊಂಡು ಹುಟ್ಟು ಹಾಕಿದರೆ ಮೈ ಕಾದು ತಲೆ ತಿರುಗುತ್ತದೆ. ಕೋಝಿಕ್ಕೋಡಿನ ಕೋಡಂಚೇರಿಯಲ್ಲಿ 2013ರಿಂದ ನಡೆಯುತ್ತಿರುವ ಮಲಬಾರ್ ರಿವರ್ ಫೆಸ್ಟಿವಲ್ ಮಳೆಗಾಲದ ರಭಸದ ನೀರಿನದ್ದೇ. ಆದರೂ ಅಂಥ ಹೊಳೆಗೆ ಬೇಕಾದ್ದು ಹೆಲ್ಮೆಟ್ಟು, ಒಳ್ಳೆಯ ಲೈಫ್ ಜಾಕೆಟ್ಟು. ಡ್ರೈಸೂಟ್ ಬೇಕಾಗುವುದು ಹಿಮ ಕರಗಿ ಬರುವ ನೀರಿಗೆ. ಲಡಾಖಿನ ಝನ್ಸ್ಕಾರ್, ಚಳಿಗಾಲದಲ್ಲಿ ಋಷಿಕೇಶದ ಗಂಗೆ, ಅಥವಾ ಕೆಲಸಕ್ಕೆಂದು ಹೋದ ಯುರೋಪಿನ ಹೊಳೆಗಳು. ಹಾಗಾಗಿ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಯಲ್ಲಿ ಒಂದು ಡ್ರೈಸೂಟ್ ಇದೆ ಎಂದರೆ ಅದು ವರ್ಷದಲ್ಲಿ ಕೆಲವೇ ವಾರ ನೀರು ಕಾಣುತ್ತದೆ. ಉಳಿದ ತಿಂಗಳೆಲ್ಲ ಕಪಾಟಿನಲ್ಲೇ.

ಸೂಟಿನ ಜೊತೆ ಬರುವ ಚೀಟಿ ನೋಡಿದ್ದೀರಲ್ವಾ? ತಂಪಾದ, ಒಣಗಿದ, ಕತ್ತಲಿನ ಜಾಗದಲ್ಲಿ ಇಡಿ ಎಂದು ಬರೆದಿರುತ್ತದೆ. ಅದನ್ನು ಬರೆದವರ ಊರಲ್ಲಿ ಅಂಥ ಜಾಗ ಪ್ರತಿ ಮನೆಯಲ್ಲೂ ಇರುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು.

ಒಂದೇ ಸೂಟು, ಮೂರು ಸಾಮಾನು

ಡ್ರೈಸೂಟನ್ನು ಒಂದು ಬಟ್ಟೆ ಎಂದು ನೋಡಿದರೆ ಆರೈಕೆ ತಪ್ಪುತ್ತದೆ. ಅದರಲ್ಲಿ ಮೂರು ಬೇರೆ ಬೇರೆ ಸಾಮಾನುಗಳಿವೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದು.

ಮೊದಲನೆಯದು ಬಟ್ಟೆ. ಹೊರಗೆ ನೈಲಾನ್, ಒಳಗೆ ತೆಳು ಬಟ್ಟೆ, ಮಧ್ಯೆ ನೀರು ಬಿಡದ ಪೊರೆ. ಗೋರ್‌ಟೆಕ್ಸ್ ಹೆಸರು ಕೇಳಿರುತ್ತೀರಿ. 1969ರಲ್ಲಿ ಬಾಬ್ ಗೋರ್ ಕಂಡುಕೊಂಡ, ಹಿಗ್ಗಿಸಿದ ಟೆಫ್ಲಾನ್ ಪೊರೆಯಿಂದ ಶುರುವಾದದ್ದು ಅದು. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಹನಿ ಒಳಗೆ ಬಾರದು, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ಕೊಳೆ, ಎಣ್ಣೆ, ಸೋಪಿನ ಜಿಡ್ಡು ಕೂತರೆ ಆ ದಾರಿ ಮುಚ್ಚುತ್ತದೆ.

ಎರಡನೆಯದು ಕುತ್ತಿಗೆ, ಮಣಿಕಟ್ಟುಗಳ ಗ್ಯಾಸ್ಕೆಟ್, ಅಂದರೆ ನೀರು ಒಳಗೆ ಬಾರದ ಹಾಗೆ ಮೈಗೆ ಬಿಗಿಯಾಗಿ ಕೂರುವ ಪಟ್ಟಿ. ಕೆಲವು ಸೂಟುಗಳಲ್ಲಿ ಕಾಲಿನ ಗಂಟಿಗೂ ಇರುತ್ತದೆ. ಹೆಚ್ಚಿನವು ಲ್ಯಾಟೆಕ್ಸ್. ಅಂದರೆ ನಮ್ಮ ಗುಡ್ಡದ ರಬ್ಬರ್ ಮರದ ಹಾಲೇ. ಕೆಲವದಕ್ಕೆ ಸಿಲಿಕೋನ್, ಕೆಲವದಕ್ಕೆ ನಿಯೋಪ್ರೀನ್.

ಮೂರನೆಯದು ಜಿಪ್. ಹಿತ್ತಾಳೆಯದ್ದಾಗಲಿ ಪ್ಲಾಸ್ಟಿಕ್‌ನದ್ದಾಗಲಿ, ಇಡೀ ಸೂಟಿನಲ್ಲಿ ಬದಲಿಸಲು ಅತಿ ಕಷ್ಟವಾದದ್ದು, ಖರ್ಚಿನದ್ದು ಇದು. ಗ್ಯಾಸ್ಕೆಟ್ ಹರಿದರೆ ಮನೆಯಲ್ಲೇ ಅಂಟಿಸಬಹುದು. ಜಿಪ್ ಮುರಿದರೆ ಸೂಟನ್ನು ರಿಪೇರಿಗೆ ಕಳಿಸಲೇಬೇಕು.

ಮನೆ ಮುಟ್ಟಿದ ದಿನವೇ ತೊಳೆಯಿರಿ

ಪ್ರವಾಸ ಮುಗಿಸಿ ಬಂದವರು ಸುಸ್ತಾಗಿರುತ್ತಾರೆ. ಬ್ಯಾಗ್ ಮೂಲೆಗೆ ಹೋಗುತ್ತದೆ. ಝನ್ಸ್ಕಾರ್ ಸೀಸನ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಇನ್ನೂ ಮಳೆ. ಲಡಾಖಿನ ಒಣ ಗಾಳಿಯಲ್ಲಿ ಒಂದು ಗಂಟೆಗೆ ಒಣಗುತ್ತಿದ್ದ ಸೂಟ್ ಇಲ್ಲಿ ಒದ್ದೆ ಬ್ಯಾಗಿನಲ್ಲಿ ಎರಡೇ ದಿನಕ್ಕೆ ವಾಸನೆ ಹೊಡೆಯುತ್ತದೆ. ಮುಚ್ಚಿದ ಒದ್ದೆ ಬಟ್ಟೆಯಲ್ಲಿ ಬೂಷ್ಟು ಬರಲು ನಮ್ಮ ಊರಲ್ಲಿ ಹೊತ್ತೇ ಬೇಡ. ಆದ್ದರಿಂದ ನೀವು ಸ್ನಾನ ಮಾಡುವ ಮೊದಲು ಸೂಟಿಗೆ ಸ್ನಾನ ಮಾಡಿಸಿ.

ಜಿಪ್‌ಗಳನ್ನೆಲ್ಲ ಮುಚ್ಚಿ, ಹೊರಗಿನಿಂದ ಪೈಪಿನ ನೀರು ಬಿಡಿ. ಹಿಮನದಿಯ ನೀರಿನಲ್ಲಿ ಹಿಟ್ಟಿನಷ್ಟು ನುಣ್ಣನೆಯ ಬೂದು ಹೂಳು ಇರುತ್ತದೆ. ಅದು ಜಿಪ್ಪಿನ ಹಲ್ಲುಗಳ ನಡುವೆ, ಗ್ಯಾಸ್ಕೆಟ್‌ನ ಮಡಿಕೆಯಲ್ಲಿ, ಸೂಟಿಗೇ ಸೇರಿದ ಕಾಲ್ಚೀಲದ ಹೊಲಿಗೆಯಲ್ಲಿ ಕೂರುತ್ತದೆ. ಬೆರಳಿಗೆ ತಾಗಿದರೆ ಗೊತ್ತೇ ಆಗುವುದಿಲ್ಲ, ಆದರೆ ಜಿಪ್ ಎಳೆದ ಪ್ರತಿ ಸಲ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಶ್ ತೆಗೆದುಕೊಳ್ಳಿ. ಜಿಪ್ಪಿನ ಉದ್ದಕ್ಕೆ, ಹಲ್ಲುಗಳ ದಿಕ್ಕಿಗೆ ಉಜ್ಜಿ. ನೀರು ಬಿಡುತ್ತಾ ಉಜ್ಜಿದರೆ ಬೂದು ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ತಿಳಿನೀರು ಬರುವವರೆಗೆ ಬಿಡಬೇಡಿ.

ಆಮೇಲೆ ಜಿಪ್ ತೆರೆದು, ಸೂಟನ್ನು ಒಳಹೊರಗು ಮಾಡಿ ಒಳಭಾಗವನ್ನೂ ತೊಳೆಯಿರಿ. ಹೆಚ್ಚಿನವರು ಬಿಡುವುದು ಇದನ್ನೇ. ಒಳಗೆ ಬೆವರಿನ ಉಪ್ಪು, ಮೈಯ ಜಿಡ್ಡು ಎಲ್ಲ ಇರುತ್ತದೆ. ಬೂಷ್ಟಿಗೆ ಅದೇ ಊಟ.

ನೀರಿನ ಬಗ್ಗೆಯೂ ಸ್ವಲ್ಪ ಯೋಚಿಸಿ. ಬೇಸಿಗೆಯ ಕೊನೆಗೆ ಸಮುದ್ರದ ಹತ್ತಿರದ ಬಾವಿಗಳಲ್ಲಿ, ಅಳಿವೆಯ ಪಕ್ಕದ ಮನೆಗಳಲ್ಲಿ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪನ್ನು ಉಪ್ಪಿನಿಂದ ತೊಳೆದ ಹಾಗಾಯಿತು. ಒಳನಾಡಿನಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇರುವವರು ಪುಣ್ಯವಂತರು, ಅಷ್ಟು ಸಿಹಿನೀರು ಬೇರೆ ಸಿಗದು. ಮಳೆಗಾಲದಲ್ಲಾದರೆ ಮಾಡಿನಿಂದ ಇಳಿಯುವ ನೀರೂ ಸಾಕು, ಮೊದಲ ಕೊಳೆ ಇಳಿದು ಹೋಗಿದ್ದರೆ.

ಸೋಪಿನ ಪುಡಿ, ಬ್ಲೀಚ್, ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಯಾವುದೂ ಬೇಡ. ಇವುಗಳ ಜಿಡ್ಡು ಬಟ್ಟೆಯಲ್ಲಿ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ನಿಕ್‌ವ್ಯಾಕ್ಸ್ ಟೆಕ್ ವಾಶ್‌ನಂಥ, ಇದಕ್ಕೆಂದೇ ಮಾಡಿದ ದ್ರಾವಣ ಆನ್‌ಲೈನ್‌ನಲ್ಲಿ ತರಿಸಿ. ಡಬ್ಬದ ಮೇಲಿನ ಅಳತೆಯಂತೆ ಉಗುರು ಬೆಚ್ಚಗಿನ ನೀರಿಗೆ ಹಾಕಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಕೈಯಿಂದ ಅದ್ದಿ ತೆಗೆಯಿರಿ. ಅದು ಸಿಗದಿದ್ದರೆ ಬರೀ ನೀರಿನಲ್ಲಿ ನಾಲ್ಕಾರು ಸಲ ಅದ್ದುವುದೇ ವಾಸಿ. ಹಿಂಡಬೇಡಿ, ಕಲ್ಲಿಗೆ ಬಡಿಯುವ ಮಾತಂತೂ ಇಲ್ಲ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ನೆನೆಹಾಕಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಒಣಗಿಸುವುದು: ಬಿಸಿಲಿಗೆ ಬೇಡ, ಗಾಳಿಗೆ ಬೇಕು

ಮಳೆಗಾಲದಲ್ಲಿ ಒಂದು ಗಳಿಗೆ ಬಿಸಿಲು ಬಂತೆಂದರೆ ನಮ್ಮ ಮನೆಗಳಲ್ಲಿ ಹಾಸಿಗೆ, ಚಾಪೆ, ಹಪ್ಪಳ ಎಲ್ಲ ಅಂಗಳಕ್ಕೆ ಬರುತ್ತವೆ. ಮನೆಯವರು ಪ್ರೀತಿಯಿಂದ ನಿಮ್ಮ ಸೂಟನ್ನೂ ಅಡಿಕೆಯ ಪಕ್ಕ ಹರಡಿಬಿಡಬಹುದು. "ಅಮ್ಮ, ಇದೊಂದನ್ನು ಬಿಸಿಲಿಗೆ ಹಾಕ್ಬೇಡಿ" ಎಂದು ಮೊದಲೇ ಹೇಳಿಡಿ. ಬಿಸಿಲಿನ ನೇರಳಾತೀತ ಕಿರಣ ಲ್ಯಾಟೆಕ್ಸನ್ನು ಬೇಗ ಮುದಿಯಾಗಿಸುತ್ತದೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಶೀಟ್ ಹೊದಿಸಿ ಕಟ್ಟಿದ ಗೂಡು ಇದ್ದರೆ ಅದರೊಳಗೂ ಬೇಡ. ಅಲ್ಲಿ ಬಿಸಿಲಿನ ಜೊತೆಗೆ ಕಾವೂ ಸೇರುತ್ತದೆ. ಬಚ್ಚಲೊಲೆಯ ಮೇಲೆ, ಹೊಗೆಯ ಅಟ್ಟದಲ್ಲಿ ತೂಗುಹಾಕುವುದೂ ಬೇಡ.

ಸೂಟಿಗೆ ಬೇಕಾದ್ದು ನೆರಳು ಮತ್ತು ಓಡಾಡುವ ಗಾಳಿ. ಚಾವಡಿಯಲ್ಲಿ ಅಥವಾ ಫ್ಯಾನ್ ಇರುವ ಕೋಣೆಯಲ್ಲಿ ದಪ್ಪ ಬಿದಿರೋ, ಪಿವಿಸಿ ಪೈಪೋ ಅಡ್ಡ ಕಟ್ಟಿ, ಸೊಂಟದಲ್ಲಿ ಮಡಚಿ ನೇತುಹಾಕಿ. ಕುತ್ತಿಗೆಯ ಗ್ಯಾಸ್ಕೆಟ್ ಮೇಲೆ ಭಾರ ಬೀಳಬಾರದು. ಒದ್ದೆ ಸೂಟು ಸಾಕಷ್ಟು ಭಾರವಿರುತ್ತದೆ, ತೆಳ್ಳನೆಯ ತಂತಿಯ ಹ್ಯಾಂಗರ್ ಹೆಗಲಿನ ಹೊಲಿಗೆಯನ್ನು ಒತ್ತಿ ಹಾಳು ಮಾಡುತ್ತದೆ. ಜಿಪ್ ಪೂರ್ತಿ ತೆರೆದಿರಲಿ.

ಮೊದಲು ಒಳಭಾಗ ಹೊರಗೆ ಮಾಡಿ ಒಣಗಿಸಿ, ಆಮೇಲೆ ತಿರುಗಿಸಿ ಹೊರಭಾಗ. ಈ ಕ್ರಮಕ್ಕೆ ಕಾರಣವಿದೆ. ಹೊರಭಾಗ ಹೇಗಿದ್ದರೂ ಒಣಗುತ್ತದೆ, ಒಳಭಾಗ ಒಣಗಿತೆಂದು ನಮಗೆ ಸುಮ್ನೆ ಅನಿಸುತ್ತದೆ. ಎಲ್ಲಕ್ಕಿಂತ ಕೊನೆಗೆ ಒಣಗುವುದು ಕಾಲ್ಚೀಲ. ಅದರೊಳಗೆ ಹಳೆಯ ಪೇಪರ್ ಮುದ್ದೆ ಮಾಡಿ ತುರುಕಿ, ಒದ್ದೆಯಾದ ಹಾಗೆ ಬದಲಿಸುತ್ತಿರಿ. ಕೈ ಒಳಗೆ ಹಾಕಿ ಬೆರಳ ತುದಿಯ ಹೊಲಿಗೆಯವರೆಗೆ ಮುಟ್ಟಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಪಸೆ ಇದೆ ಎಂದೇ ಅರ್ಥ.

ಆಟಿಯ ಮಳೆಯಲ್ಲಿ ಫ್ಯಾನ್ ಹಾಕಿದರೂ ಓಡಾಡುವುದು ಪಸೆ ಗಾಳಿಯೇ. ಎ.ಸಿ. ಇರುವ ಕೋಣೆಯಿದ್ದರೆ ಡ್ರೈ ಮೋಡ್‌ನಲ್ಲಿ ಒಂದು ರಾತ್ರಿ ಇಟ್ಟುಬಿಡಿ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಇಲ್ಲವಾದರೆ ಎರಡು ಮೂರು ದಿನ ಫ್ಯಾನಿನ ಕೆಳಗೆ ತಾಳ್ಮೆಯಿಂದ ತಿರುಗಿಸುತ್ತಾ ಇರಿ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಬೇಡ.

ಬೂಷ್ಟಿನ ಚುಕ್ಕೆ ಈಗಾಗಲೇ ಬಂದಿದ್ದರೆ ಟೆಕ್ ವಾಶ್ ಹಾಕಿದ ನೀರಿನಲ್ಲಿ ಮೆತ್ತನೆಯ ಬ್ರಶ್‌ನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ. ಕಪ್ಪು ಕಲೆ ಪೂರ್ತಿ ಹೋಗದಿರಬಹುದು. ಕಲೆ ಉಳಿದರೆ ಉಳಿಯಲಿ, ಬ್ಲೀಚ್ ಹಾಕಿ ಪೊರೆಯನ್ನು ಕೊಲ್ಲಬೇಡಿ.

ಗ್ಯಾಸ್ಕೆಟ್: ಎಣ್ಣೆ, ತಾಮ್ರ, ಓಝೋನ್

ಹೆಚ್ಚು ಗಮನ ಬೇಡುವುದು ಈ ಭಾಗ. ಲ್ಯಾಟೆಕ್ಸ್ ಗ್ಯಾಸ್ಕೆಟ್ ಹೇಗಿದ್ದರೂ ಕೆಲವು ವರ್ಷಕ್ಕೆ ಮುಗಿಯುವ ಸಾಮಾನು. ನೋಡಿಕೊಂಡರೆ ಆ ವರ್ಷಗಳು ಪೂರ್ತಿ ಸಿಗುತ್ತವೆ, ನೋಡಿಕೊಳ್ಳದಿದ್ದರೆ ಒಂದೇ ಮಳೆಗಾಲ ಸಾಕು.

ಮೊದಲ ಶತ್ರು ಎಣ್ಣೆ. ಎಣ್ಣೆ ತಾಗಿದ ಲ್ಯಾಟೆಕ್ಸ್ ಉಬ್ಬಿ ಮೆತ್ತಗಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ತಲೆಗೆ ತೆಂಗಿನೆಣ್ಣೆ ಹಾಕದವರು ಯಾರಿದ್ದಾರೆ? ಆ ತಲೆ ಕುತ್ತಿಗೆಯ ಗ್ಯಾಸ್ಕೆಟ್ ಮೂಲಕವೇ ತೂರಬೇಕಲ್ವಾ. ಸೂಟ್ ಹಾಕುವ ದಿನಗಳಲ್ಲಿ ತಲೆಗೆ ಎಣ್ಣೆ ಬೇಡ. ಹಿಂದಿನ ದಿನ ಸೀಗೆಯೋ ಶಾಂಪೂವೋ ಹಾಕಿ ಎಣ್ಣೆ ತೆಗೆದುಬಿಡಿ. ಸನ್‌ಸ್ಕ್ರೀನ್, ಸೊಳ್ಳೆಯ ಕ್ರೀಮು, ವ್ಯಾಸಲೀನ್, ನೋವಿನ ಮುಲಾಮು ಎಲ್ಲಕ್ಕೂ ಇದೇ ಮಾತು. ಕುತ್ತಿಗೆಗೂ ಮಣಿಕಟ್ಟಿಗೂ ಸನ್‌ಸ್ಕ್ರೀನ್ ಹಚ್ಚಬೇಡಿ, ಆ ಜಾಗ ಹೇಗೂ ಮುಚ್ಚಿರುತ್ತದೆ. ಅಪ್ಪಿತಪ್ಪಿ ತಾಗಿದರೆ ಅದೇ ದಿನ ಮೃದು ಸೋಪಿನ ನೀರಿನಲ್ಲಿ ಗ್ಯಾಸ್ಕೆಟನ್ನು ಮಾತ್ರ ತೊಳೆದು ಒರೆಸಿ. ತಲೆಹೊರೆಯ ಕೂದಲಿರುವವರು ಬಟ್ಟೆಯ ತೆಳು ಟೋಪಿ ಹಾಕಿಕೊಂಡು ತೂರಿದರೆ ಇನ್ನೂ ಸುಲಭ.

ಎರಡನೆಯ ಶತ್ರು ತಾಮ್ರ. ಬೇರೆ ಊರಿನವರಿಗೆ ಇದು ದೊಡ್ಡ ವಿಷಯವಲ್ಲ. ಅಡಿಕೆ ತೋಟದ ಮನೆಗೆ ಇದು ನಿಜವಾದ ಅಪಾಯ. ತಾಮ್ರದ ಅಂಶ ರಬ್ಬರನ್ನು ಗಾಳಿಯಲ್ಲಿ ಬೇಗ ಕೊಳೆಯುವಂತೆ ಮಾಡುತ್ತದೆ. ರಬ್ಬರ್ ಬೆಳೆಗಾರರು ಇದನ್ನು ಬಲ್ಲರು: ಹಾಲಿಗೆ ತಾಮ್ರ ಸೇರಿದರೆ ಶೀಟು ಅಂಟಂಟಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದಿನಲ್ಲಿ ಇರುವುದು ಮೈಲುತುತ್ತು ಮತ್ತು ಸುಣ್ಣ, ಮೈಲುತುತ್ತು ಎಂದರೆ ತಾಮ್ರದ ಉಪ್ಪು. ಮೈಲುತುತ್ತಿನ ಚೀಲ, ಮದ್ದಿನ ಡ್ರಮ್ಮು, ಪಂಪು, ಪೈಪು ಇರುವ ಕೊಟ್ಟಿಗೆಯಲ್ಲಿ ಸೂಟ್ ಇಡಬೇಡಿ. ಮದ್ದು ಬಿಡುವ ದಿನ ಅಂಗಳದಲ್ಲಿ ಒಣಹಾಕಬೇಡಿ, ಆ ನೀಲಿ ಹನಿ ಗಾಳಿಯಲ್ಲಿ ಎಲ್ಲಿಗೂ ಬರುತ್ತದೆ. ಮದ್ದು ಕಲಸಿದ ಕೈಯಲ್ಲಿ ಗ್ಯಾಸ್ಕೆಟ್ ಮುಟ್ಟಬೇಡಿ. ತಾಮ್ರದ ಹಂಡೆ, ತಾಮ್ರದ ಬಳೆ, ಹಿತ್ತಾಳೆಯ ಪಾತ್ರೆ ಎಲ್ಲವನ್ನೂ ದೂರ ಇಡಿ. ಸೂಟಿನ ಸ್ವಂತ ಜಿಪ್ ಹಿತ್ತಾಳೆಯದ್ದಾಗಿದ್ದರೆ ಎತ್ತಿಡುವಾಗ ಅದು ಗ್ಯಾಸ್ಕೆಟ್‌ಗೆ ತಾಗದ ಹಾಗೆ ಮಧ್ಯೆ ಒಂದು ಹತ್ತಿ ಬಟ್ಟೆ ಇಡಿ.

ಮೂರನೆಯದು ಓಝೋನ್. ಕಿಡಿ ಹಾರುವ ಮೋಟರುಗಳ ಹತ್ತಿರ ಇದು ಸ್ವಲ್ಪ ಸ್ವಲ್ಪ ಹುಟ್ಟುತ್ತದೆ. ಮಿಕ್ಸಿ, ಡ್ರಿಲ್ ಮೆಷಿನ್‌ಗಳ ಒಳಗೆ ಕಾರ್ಬನ್ ಬ್ರಶ್ ಇರುತ್ತದೆ, ಅವೇ ಇಂಥವು. ಸೀಲಿಂಗ್ ಫ್ಯಾನ್‌ನಲ್ಲಿ ಬ್ರಶ್ ಇಲ್ಲ, ಅದರ ಭಯ ಬೇಡ. ಎಳೆದುಕೊಂಡಿರುವ ರಬ್ಬರಿಗೆ ಓಝೋನ್ ಬೇಗ ಬಿರುಕು ತರುತ್ತದೆ. ಹಾಗಾಗಿ ಗ್ಯಾಸ್ಕೆಟ್ ಮಡಚಿ, ಎಳೆದು, ಭಾರದ ಕೆಳಗೆ ಇಡಬಾರದು.

ಪರೀಕ್ಷೆ ಹೀಗೆ. ಹಗಲು ಕಿಟಕಿಯ ಬೆಳಕಿಗೆ ಗ್ಯಾಸ್ಕೆಟ್ ಹಿಡಿಯಿರಿ. ಎರಡು ಹೆಬ್ಬೆರಳ ನಡುವೆ ಅಂಚನ್ನು ನಿಧಾನವಾಗಿ ಹಿಗ್ಗಿಸಿ. ಚೆನ್ನಾಗಿರುವ ಲ್ಯಾಟೆಕ್ಸ್ ಒಂದೇ ಸಮ ತೆಳುವಾಗುತ್ತದೆ. ಹಳೆಯದಾದರೆ ಕೂದಲೆಳೆಯಂಥ ಗೆರೆಗಳು ಅಂಚಿನಿಂದ ಒಳಕ್ಕೆ ಬಾಯಿ ಬಿಡುತ್ತವೆ. ಬಿಟ್ಟ ಕೂಡಲೇ ಅವು ಮಾಯ. ಹಿಗ್ಗಿಸದೆ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಬೆರಳಿಗೆ ಅಂಟಿದರೆ, ಎರಡು ಪದರ ಒಂದಕ್ಕೊಂದು ಹಿಡಿದುಕೊಂಡಿದ್ದರೆ, ಬೆರಳೊತ್ತಿದ ಗುರುತು ಹಾಗೇ ಉಳಿದರೆ ಕೂಡಾ ಬದಲಿಸುವ ಕಾಲ ಬಂದಿದೆ. ಇನ್ನೊಂದು ಸಲ ನಡೆದೀತು ಎಂದು ಬಿಡಬೇಡಿ. ಲ್ಯಾಟೆಕ್ಸ್ ಹರಿಯುವಾಗ ಒಂದೇ ಸಲಕ್ಕೆ ಅಂಚಿನಿಂದ ಬುಡದವರೆಗೆ ಹರಿಯುತ್ತದೆ. ಅದು ಹಿಮದ ನೀರಿನಲ್ಲಿ ಆದರೆ ಜೀವಕ್ಕೇ ಅಪಾಯ.

ರಕ್ಷಣೆಗೆ 303 ಪ್ರೊಟೆಕ್ಟೆಂಟ್ ಎಂಬ ದ್ರಾವಣ ಚೆನ್ನಾಗಿ ಕೆಲಸ ಮಾಡುತ್ತದೆ. ತೊಳೆದು ಒಣಗಿದ ಗ್ಯಾಸ್ಕೆಟ್‌ಗೆ ಬಟ್ಟೆಯಿಂದ ಎರಡೂ ಬದಿ ಹಚ್ಚಿ, ಉಳಿದದ್ದನ್ನು ಒರೆಸಿ. ಸೀಸನ್‌ನಲ್ಲಿ ತಿಂಗಳಿಗೊಮ್ಮೆ, ಎತ್ತಿಡುವ ಮೊದಲು ಒಮ್ಮೆ. ಸದ್ಯದಲ್ಲೇ ಅಂಟಿಸುವ ಕೆಲಸ ಇದ್ದರೆ ಹಚ್ಚಬೇಡಿ, ಗೋಂದು ಹಿಡಿಯುವುದಿಲ್ಲ. ಸಿಲಿಕೋನ್ ಸ್ಪ್ರೇಯನ್ನು ಲ್ಯಾಟೆಕ್ಸ್ ಹತ್ತಿರ ಯಾವತ್ತೂ ತರಬೇಡಿ, ಅದೂ ಮುಂದಿನ ಅಂಟನ್ನು ಕೆಡಿಸುತ್ತದೆ. ಪೌಡರ್ ಹಾಕುವುದಾದರೆ ವಾಸನೆ ಇಲ್ಲದ ಟಾಲ್ಕ್ ಮಾತ್ರ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಹಾಕುವ ಬಿಳಿ ಪುಡಿ ಸಾಮಾನ್ಯವಾಗಿ ಇದೇ. ಮೆಕ್ಕೆಜೋಳದ ಹಿಟ್ಟಿನ ಪುಡಿ ಹಾಕಬಹುದು ಎಂದು ಕೆಲವರು ಹೇಳುತ್ತಾರೆ. ನಮ್ಮ ಹವೆಗೆ ನಾನು ಒಪ್ಪುವುದಿಲ್ಲ, ಹಿಟ್ಟೆಂದರೆ ಬೂಷ್ಟು ಮತ್ತು ಜಿರಲೆ ಎರಡಕ್ಕೂ ಆಹ್ವಾನ.

ಸಿಲಿಕೋನ್ ಗ್ಯಾಸ್ಕೆಟ್‌ಗೆ ಬಿಸಿಲು, ಓಝೋನ್‌ನ ಕಾಟ ಕಡಿಮೆ. ಆದರೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಅದಕ್ಕೆ 303 ಬೇಡ, ಸಾದಾ ಗೋಂದೂ ಹಿಡಿಯುವುದಿಲ್ಲ. ನಿಯೋಪ್ರೀನ್‌ಗೆ ತೊಳೆದು ಒಣಗಿಸಿದರೆ ಸಾಕು.

ಹಾಕಿಕೊಳ್ಳುವಾಗ ಉಂಗುರ, ವಾಚು, ಓಲೆ, ಸರ ತೆಗೆದಿಡಿ. ಉಗುರು ಕತ್ತರಿಸಿರಲಿ. ಬಳೆ ತೊಡುವಾಗ ಮಾಡುವ ಹಾಗೆ ಐದೂ ಬೆರಳು ಕೂಡಿಸಿ, ಕೈ ಸಣ್ಣಗೆ ಮಾಡಿ ತೂರಿಸಿ. ಕುತ್ತಿಗೆಯನ್ನು ಅಂಚು ಹಿಡಿದು ಎಳೆಯಬೇಡಿ. ಎರಡು ಕೈಯ ಬೆರಳುಗಳನ್ನು ಒಳಗಿನಿಂದ ಹಾಕಿ, ಅಂಗೈ ಹೊರಕ್ಕೆ ಮಾಡಿ ಹಿಗ್ಗಿಸಿ. ಹೊಸ ಗ್ಯಾಸ್ಕೆಟ್ ಬಿಗಿಯಾದರೆ ಕತ್ತರಿಸುವ ಮೊದಲು ಒಂದು ಸ್ಟೀಲ್ ಪಾತ್ರೆಗೆ ಒಂದು ರಾತ್ರಿ ಏರಿಸಿಡಿ. ಆಮೇಲೂ ಬಿಗಿ ಎನಿಸಿದರೆ ಹರಿತ ಕತ್ತರಿಯಿಂದ ಕೆಲವೇ ಮಿಲಿಮೀಟರ್ ಕತ್ತರಿಸಿ, ಹಾಕಿ ನೋಡಿ, ಬೇಕಾದರೆ ಮತ್ತೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಉಳಿದರೂ ಅಲ್ಲಿಂದ ಹರಿಯಲು ಶುರು.

ಮಣಿಕಟ್ಟಿನ ಗ್ಯಾಸ್ಕೆಟ್ ಬದಲಿಸುವುದು

ಇದನ್ನು ಮನೆಯಲ್ಲೇ ಮಾಡಬಹುದು. ಕುತ್ತಿಗೆಯದ್ದನ್ನು ಮಾತ್ರ ಮಣಿಕಟ್ಟಿನ ಕೆಲಸ ಕೈಗೆ ಕೂತ ಮೇಲೆ ಮಾಡಿ.

ತೋಳಿನೊಳಗೆ ಬಿಗಿಯಾಗಿ ಕೂರುವ ಪಿವಿಸಿ ಪೈಪಿನ ತುಂಡೋ, ಪ್ಲಾಸ್ಟಿಕ್ ಬಾಟಲಿಯೋ ತೂರಿಸಿ. ಹಳೆಯ ಗ್ಯಾಸ್ಕೆಟನ್ನು ಬುಡದಲ್ಲಿ ಒಂದೆರಡು ಸೆಂಟಿಮೀಟರ್ ಪಟ್ಟಿ ಬಿಟ್ಟು ಕತ್ತರಿಸಿ. ಆ ಪಟ್ಟಿ ಚೆನ್ನಾಗಿದ್ದರೆ ಅದರ ಮೇಲೆಯೇ ಹೊಸದನ್ನು ಅಂಟಿಸಬಹುದು, ಅಂಟಂಟಾಗಿದ್ದರೆ ಪೂರ್ತಿ ಕಿತ್ತು ತೆಗೆಯಬೇಕು. ಅಂಟಿಸುವ ಎರಡೂ ಮೈಗಳನ್ನು ನುಣುಪು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆರಲು ಬಿಡಿ. ಆಕ್ವಾಸೀಲ್ ಗೋಂದನ್ನು ತೆಳ್ಳಗೆ, ಎಲ್ಲೂ ಬಿಡದ ಹಾಗೆ ಸುತ್ತ ಸವರಿ. ಹೊಸ ಗ್ಯಾಸ್ಕೆಟನ್ನು ಮಡಚಿ ಏರಿಸಿ, ನಿಧಾನಕ್ಕೆ ಬಿಡಿಸುತ್ತಾ ಕೂರಿಸಿ. ಹೆಬ್ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಹೊರಗೆ ತಳ್ಳಿ, ಮೇಲೆ ಟೇಪ್ ಸುತ್ತಿ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಆಕ್ವಾಸೀಲ್ ಗಟ್ಟಿಯಾಗುವುದು ಗಾಳಿಯ ಪಸೆಯಿಂದ. ಅಂಟಿಸುವ ಕೆಲಸಕ್ಕೆ ನಮ್ಮ ಹವೆ ಅಡ್ಡಿಯಲ್ಲ. ತೊಂದರೆ ಇರುವುದು ಬಾಯಿ ತೆರೆದ ಟ್ಯೂಬಿಗೆ. ಹೊರಗೆ ಇಟ್ಟರೆ ಮುಂದಿನ ಸಲಕ್ಕೆ ಕಲ್ಲಾಗಿರುತ್ತದೆ. ಮುಚ್ಚಳ ಬಿಗಿ ಮಾಡಿ, ಗಾಳಿಯಾಡದ ಕವರಿಗೆ ಹಾಕಿ, ಫ್ರೀಜರ್‌ನಲ್ಲಿಡಿ. ಮೇಲೆ ದೊಡ್ಡ ಅಕ್ಷರದಲ್ಲಿ ಗೋಂದು ಎಂದು ಬರೆದಿರಲಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಜಿಪ್

ತೊಳೆಯುವ ಬಗ್ಗೆ ಹೇಳಿಯಾಯಿತು. ಉಳಿದದ್ದು ಮೇಣ. ಹಿತ್ತಾಳೆಯ ಜಿಪ್ಪಿಗೆ ಜಿಪ್ ವ್ಯಾಕ್ಸ್ ಅಥವಾ ಜೇನುಮೇಣವನ್ನು ಹೊರಗಿನ ಹಲ್ಲುಗಳ ಮೇಲೆ ಮಾತ್ರ ಎಳೆಯಿರಿ. ಟಿಜಿಪ್‌ನಂಥ ಪ್ಲಾಸ್ಟಿಕ್ ಜಿಪ್ಪಿಗೆ ಅದರ ಜೊತೆ ಬಂದ ಸಿಲಿಕೋನ್ ಗ್ರೀಸ್, ಅದೂ ಜಿಪ್ ಮುಚ್ಚಿ ನಿಲ್ಲುವ ತುದಿಗೆ ಮಾತ್ರ ಸ್ವಲ್ಪ. ಉದ್ದಕ್ಕೂ ಬಳಿದರೆ ಧೂಳು ಹಿಡಿಯುತ್ತದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಎಳೆಯುವಾಗ ನೇರ ಎಳೆಯಿರಿ. ಬೆನ್ನಿನ ಜಿಪ್ಪಾದರೆ ಇನ್ನೊಬ್ಬರ ಸಹಾಯ ಪಡೆಯಿರಿ. ಒಳಗಿನ ಬಟ್ಟೆಯ ಎಳೆಯೋ ಕೂದಲೋ ಸಿಕ್ಕಿಕೊಂಡರೆ ಬಲ ಹಾಕದೆ ಹಿಂದಕ್ಕೆ ತನ್ನಿ. ಎತ್ತಿಡುವಾಗ ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಸೂಟಿನ ಚೀಟಿ ನೋಡಿ. ಎಲ್ಲರೂ ಒಪ್ಪುವ ಮಾತೊಂದಿದೆ: ಜಿಪ್ಪನ್ನು ಚೂಪಾಗಿ ಮಡಚಬಾರದು. ಮಡಚಿದ ಜಾಗದಲ್ಲಿ ಹಲ್ಲು ಸಡಿಲವಾಗುತ್ತದೆ, ಅಲ್ಲಿಂದಲೇ ನೀರು ಬರುತ್ತದೆ.

ಸೋರುವ ಜಾಗ ಹುಡುಕುವುದು

ಕುತ್ತಿಗೆಗೆ ಮಕ್ಕಳ ಚೆಂಡು, ಮಣಿಕಟ್ಟಿಗೆ ಸ್ಟೀಲ್ ಲೋಟ. ಇವಿಷ್ಟು ತೂರಿಸಿ ಬಾಯಿ ಮುಚ್ಚಿ, ಜಿಪ್ ಹಾಕಿ. ಒಂದು ಮಣಿಕಟ್ಟಿನ ಪಕ್ಕದಿಂದ ಗಾಳಿ ಹಾಸಿಗೆಯ ಕೈಪಂಪಿನಲ್ಲಿ ಗಾಳಿ ತುಂಬಿ. ಮೆತ್ತಗೆ ಉಬ್ಬಿದರೆ ಸಾಕು, ಟಯರಿನಂತೆ ಬಿಗಿಯಾಗುವುದು ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರವೂ ಒಯ್ಯಬೇಡಿ. ಶಾಂಪೂ ಬೆರೆಸಿದ ನೀರನ್ನು ಹೊಲಿಗೆ, ಮೊಣಕಾಲು, ಕುಳಿತುಕೊಳ್ಳುವ ಜಾಗ, ಕಾಲ್ಚೀಲಗಳ ಮೇಲೆ ಸಿಂಪಡಿಸಿ. ಗುಳ್ಳೆ ಏಳುವಲ್ಲಿ ಚಾಕ್‌ನಿಂದ ಗುರುತು ಹಾಕಿ.

ಸಣ್ಣ ತೂತಿಗೆ ಒಳಗಿನಿಂದ ಒಂದು ಹನಿ ಆಕ್ವಾಸೀಲ್ ಸಾಕು. ಆಲ್ಕೋಹಾಲ್‌ನಿಂದ ಒರೆಸಿ, ತೂತಿಗಿಂತ ಸ್ವಲ್ಪ ಅಗಲಕ್ಕೆ ಸವರಿ, ಒಂದು ದಿನ ಬಿಡಿ. ಸೋಪನ್ನು ತೊಳೆದುಬಿಡಲು ಮರೆಯಬೇಡಿ.

ಹೊರಬಟ್ಟೆಯ ಮೇಲೆ ನೀರು ಹನಿಯಾಗಿ ಜಾರದೆ ಹೀರಿಕೊಂಡರೆ ಅದು ಸೋರುವಿಕೆ ಅಲ್ಲ. ಬಟ್ಟೆಯ ನೀರು ನೂಕುವ ಲೇಪ ಸವೆದಿದೆ ಅಷ್ಟೆ. ಬೆವರು ಹೊರಗೆ ಹೋಗದೆ ಒಳಗೆ ಒದ್ದೆ ಎನಿಸುತ್ತದೆ. ಟೆಕ್ ವಾಶ್ ಮಾಡಿ, ಟಿಎಕ್ಸ್ ಡೈರೆಕ್ಟ್‌ನಂಥ ದ್ರಾವಣವನ್ನು ಹೊರಗಿನಿಂದ ಸಿಂಪಡಿಸಿ ಒಣಗಿಸಿದರೆ ಸರಿಹೋಗುತ್ತದೆ.

ಎತ್ತಿಡುವುದು

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯೊಳಗೆ ಸೂಟ್ ಪೂರ್ತಿ ಒಣಗಿ ಡಬ್ಬ ಸೇರಬೇಕು. ಗಾಳಿ ಒಣಗಿರುವಾಗ ಮುಚ್ಚಿಟ್ಟರೆ ಒಳಗೂ ಒಣ ಗಾಳಿಯೇ ಇರುತ್ತದೆ. ಜುಲೈಯಲ್ಲಿ ಮುಚ್ಚಿದರೆ ಮಳೆಯನ್ನೇ ಒಳಗಿಟ್ಟು ಮುಚ್ಚಿದ ಹಾಗೆ.

ಹತ್ತಿಯ ಚೀಲದಲ್ಲಿ ತೂಗುಹಾಕಿ ಎಂದು ಹೊರಗಿನವರು ಹೇಳುವುದು ಅವರ ಊರಿಗೆ ಸರಿ. ನಮ್ಮ ಮಳೆಗಾಲಕ್ಕೆ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ ಬೇಕು. ತೋಳುಗಳನ್ನು ಒಳಕ್ಕೆ ಇಟ್ಟು, ಕಾಲಿನಿಂದ ಮೇಲಕ್ಕೆ ಸಡಿಲವಾಗಿ ಸುರುಳಿ ಮಾಡಿ. ಜಿಪ್ ಮೇಲೆ ಬರಲಿ, ಗ್ಯಾಸ್ಕೆಟ್‌ಗಳು ಎಲ್ಲಕ್ಕಿಂತ ಮೇಲೆ, ಚಪ್ಪಟೆಯಾಗಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳು, ಗ್ಯಾಸ್ಕೆಟ್‌ಗೆ ತಾಗದ ಹಾಗೆ ಬದಿಯಲ್ಲಿ. ಬಣ್ಣ ಬದಲಾಗುವ ಜಾತಿಯದ್ದು ತಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನೀಲಿ ಹರಳು ಗುಲಾಬಿಯಾಯಿತೆಂದರೆ ಪಸೆ ಕುಡಿದು ತುಂಬಿದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ.

ನುಸಿಗುಳಿಗೆ, ಕರ್ಪೂರ ಯಾವುದೂ ಡಬ್ಬದೊಳಗೆ ಬೇಡ, ಅವುಗಳ ಆವಿ ರಬ್ಬರಿಗೂ ಗೋಂದಿಗೂ ಒಳ್ಳೆಯದಲ್ಲ. ಮುಚ್ಚಳ ಬಿಗಿಯಿದ್ದರೆ ಜಿರಲೆ ಹೋಗುವುದಿಲ್ಲ. ಇಲಿಗೆ ಪ್ಲಾಸ್ಟಿಕ್ ಲೆಕ್ಕವಿಲ್ಲ, ಹಾಗಾಗಿ ಅಟ್ಟಕ್ಕಿಂತ ಕಬ್ಬಿಣದ ಕಪಾಟು ವಾಸಿ. ಶೀಟಿನ ಮಾಡಿನ ಕೆಳಗಿನ ಕೋಣೆ, ಕಾರಿನ ಡಿಕ್ಕಿ ಎರಡೂ ಕಾವಿನ ಜಾಗಗಳು. ಮನೆಯ ನಡುಕೋಣೆಯ ಕೆಳ ಖಾನೆ ಒಳ್ಳೆಯದು, ಗೋಡೆಗೆ ತಾಗದಿರಲಿ. ಮಳೆಗಾಲದಲ್ಲಿ ನಮ್ಮ ಕಲ್ಲಿನ ಗೋಡೆಗಳು ಎಷ್ಟು ನೀರು ಕುಡಿಯುತ್ತವೆ ಎಂದು ಗೊತ್ತೇ ಇದೆ.

ತಿಂಗಳಿಗೊಮ್ಮೆ, ಮಳೆ ಬಿಟ್ಟ ದಿನ ನೋಡಿ ಡಬ್ಬ ತೆರೆಯಿರಿ. ಮೂಗಿಗೆ ಮುಗ್ಗು ವಾಸನೆ ಬಂದರೆ ಹೊರಗೆ ತೆಗೆದು ಫ್ಯಾನಿಗೆ ಹಾಕಿ. ಬಾರದಿದ್ದರೂ ಸುರುಳಿಯನ್ನು ಬಿಡಿಸಿ ಬೇರೆ ಜಾಗದಲ್ಲಿ ಮಡಿಕೆ ಬರುವಂತೆ ಮತ್ತೆ ಸುತ್ತಿ.

ಮುಂದಿನ ಪ್ರವಾಸದ ಮೊದಲು

ಹೊರಡುವ ದಿನಕ್ಕೆ ಎರಡು ವಾರ ಮೊದಲೇ ಸೂಟ್ ಹೊರತೆಗೆಯಿರಿ. ಗ್ಯಾಸ್ಕೆಟ್ ಹಿಗ್ಗಿಸಿ ನೋಡಿ, ಜಿಪ್ ಎಳೆದು ನೋಡಿ. ಆಮೇಲೆ ಹೊಳೆಯಲ್ಲಿ ಒಂದು ಪರೀಕ್ಷೆ. ಮಳೆಗಾಲದಲ್ಲಾದರೆ ಹೊಳೆಗೆ ಇಳಿಯಬೇಡಿ, ತೋಟದ ಕೆರೆಯ ಮೆಟ್ಟಿಲು ಸಾಕು. ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಸೂಟಿನೊಳಗೆ ಇರಲಾಗದು. ಒಬ್ಬರೇ ಹೋಗಬೇಡಿ, ಲೈಫ್ ಜಾಕೆಟ್ ಬಿಡಬೇಡಿ. ಒಳಗೆ ತೆಳು ಬಣ್ಣದ ಹತ್ತಿಯ ಉದ್ದ ತೋಳಿನ ಅಂಗಿ, ಪೈಜಾಮ ಹಾಕಿ. ಸೂಟ್ ಹಾಕಿದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕುತ್ತಿಗೆಯ ಅಂಚನ್ನು ಒಂದು ಬೆರಳಿನಿಂದ ಬಿಡಿಸಿ ಒಳಗಿನ ಗಾಳಿ ಹೊರಗೆ ಬಿಡಿ. ಗಾಳಿ ಉಳಿದರೆ ಕಾಲು ಮೇಲೆದ್ದು ಈಜಲು ಕಷ್ಟ.

ಎದೆಮಟ್ಟದ ನೀರಿನಲ್ಲಿ ಹತ್ತು ನಿಮಿಷ ಕೈಕಾಲು ಆಡಿಸುತ್ತಾ ಇರಿ. ಹೊರಬಂದು ಸೂಟ್ ಕಳಚಿ ಅಂಗಿ ನೋಡಿ. ಬೆನ್ನು, ಕಂಕುಳು, ಎದೆ ಒಂದೇ ಸಮ ಪಸೆಯಾಗಿದ್ದರೆ ಅದು ಬೆವರು. ಒಂದೇ ಕಡೆ, ಅಂಚು ಸ್ಪಷ್ಟವಾಗಿ ಕಾಣುವ ಒದ್ದೆ ಇದ್ದರೆ ಅದು ಸೋರಿದ್ದು. ಮಣಿಕಟ್ಟಿನಿಂದ ಮೊಣಕೈಯವರೆಗೆ ಒದ್ದೆಯಾದರೆ ಕೈ ಮಡಚಿದಾಗ ನರ ಎದ್ದು ನೀರು ದಾರಿ ಮಾಡಿಕೊಂಡಿರಬಹುದು, ಗ್ಯಾಸ್ಕೆಟನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿ ಮತ್ತೆ ನೀರಿಗಿಳಿಯಿರಿ. ಬೆನ್ನಿನ ಜಿಪ್ಪಿನ ಗೆರೆಯುದ್ದಕ್ಕೆ ಒದ್ದೆಯಾದರೆ ಜಿಪ್ ಕೊನೆಯವರೆಗೆ ಹೋಗಿ ಕೂತಿತ್ತೋ ಇಲ್ಲವೋ ನೋಡಿ. ಕೂತಿದ್ದೂ ಸೋರಿದರೆ ಆ ಸೂಟನ್ನು ರಿಪೇರಿಯಾಗುವವರೆಗೆ ತಣ್ಣೀರಿಗೆ ಒಯ್ಯಬೇಡಿ, ಅಲ್ಲಿ ಹೋದ ಮೇಲೆ ಬಾಡಿಗೆಗೆ ಇನ್ನೊಂದು ಸಿಗುತ್ತದೆಯೇ ಎಂದು ಈಗಲೇ ಫೋನ್ ಮಾಡಿ ಕೇಳಿ.